ಹತ್ತು ಡಾಲರ್ ನೋಟಿನ ಮೇಲೊಬ್ಬ ಕೈದಿ

ಆಸ್ಟ್ರೇಲಿಯಾದ ಹತ್ತು ಡಾಲರ್ ನೋಟಿನ ಮೇಲೆ 1966ರಿಂದ 1993ರವರೆಗೆ ಅಚ್ಚಾಗುತ್ತಿದ್ದದ್ದು ಒಬ್ಬ ಫೋರ್ಜರಿ ಅಪರಾಧಿಯ ಮುಖ. ಹೆಸರು ಫ್ರಾನ್ಸಿಸ್ ಗ್ರೀನ್‌ವೇ. ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ವಾಸ್ತುಶಿಲ್ಪಿ. ವ್ಯವಹಾರದಲ್ಲಿ ದಿವಾಳಿಯೆದ್ದು, ಕಟ್ಟಡದ ಕರಾರು ಪತ್ರವೊಂದನ್ನು ತಿದ್ದಿ ಸಿಕ್ಕಿಬಿದ್ದ. 1812ರಲ್ಲಿ ಕೋರ್ಟು ಗಲ್ಲು ಶಿಕ್ಷೆ ಬರೆಯಿತು. ಆಮೇಲೆ ಅದು ಹದಿನಾಲ್ಕು ವರ್ಷದ ಗಡೀಪಾರಿಗೆ ಇಳಿಯಿತು. 1814ರಲ್ಲಿ ಕೈದಿಗಳ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದ. ಖೋಟಾ ದಾಖಲೆ ಮಾಡಿದವನ ಚಿತ್ರವನ್ನು ಸರ್ಕಾರವೇ ನೋಟಿನ ಮೇಲೆ ಛಾಪಿಸಿದ್ದು ಅಲ್ಲಿಯವರಿಗೆ ಈಗಲೂ ನಗೆಯ ವಿಷಯ.

ಸಿಡ್ನಿಯ ಗವರ್ನರ್ ಲಾಕ್ಲನ್ ಮ್ಯಾಕ್ವಾರಿಗೆ ಆಗ ಊರು ಕಟ್ಟಬೇಕಿತ್ತು. ಇಟ್ಟಿಗೆ ಹೊರುವವರಿಗೆ ಬರವಿರಲಿಲ್ಲ, ನಕ್ಷೆ ಬರೆಯುವವರೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಎದುರಿಗೆ ನಿಂತ ಕೈದಿ ಗೋಡೆ, ಕಮಾನು, ಅಳತೆ ಬಲ್ಲವನು. 1816ರಲ್ಲಿ ದಿನಕ್ಕೆ ಮೂರು ಶಿಲಿಂಗ್ ಸಂಬಳಕ್ಕೆ ಅವನನ್ನು ಸರ್ಕಾರಿ ವಾಸ್ತುಶಿಲ್ಪಿಯನ್ನಾಗಿ ಮಾಡಿದ. ಬಂದರಿನ ಬಾಯಲ್ಲಿ ದೀಪಸ್ತಂಭ ಎದ್ದಾಗ ಷರತ್ತಿನ ಬಿಡುಗಡೆ ಸಿಕ್ಕಿತು. ಹೈಡ್ ಪಾರ್ಕ್ ಬ್ಯಾರಕ್ಸ್ ಮುಗಿದಾಗ, 1819ರಲ್ಲಿ, ಪೂರ್ತಿ ಕ್ಷಮೆ.

ಆ ಬ್ಯಾರಕ್ಸ್ ಈಗ ಮ್ಯೂಸಿಯಂ. ಮ್ಯಾಕ್ವಾರಿ ಬೀದಿಯ ತುದಿಯಲ್ಲಿ ಮೂರಂತಸ್ತಿನ ಇಟ್ಟಿಗೆ ಕಟ್ಟಡ. ನೆತ್ತಿಯಲ್ಲಿ ಗಡಿಯಾರ, ಅದರ ಸುತ್ತ ಗವರ್ನರನ ಹೆಸರು, 1817ರ ಇಸವಿ. ಮೇಲಿನ ಮಹಡಿಯಲ್ಲಿ ಮರದ ಅಡ್ಡಪಟ್ಟಿಗಳ ನಡುವೆ ಕ್ಯಾನ್ವಾಸ್ ಜೋಲಿಗಳನ್ನು ಒತ್ತೊತ್ತಾಗಿ ಕಟ್ಟಿಟ್ಟಿದ್ದಾರೆ. ಒಬ್ಬ ಮಗ್ಗುಲು ಬದಲಿಸಿದರೆ ಪಕ್ಕದವನ ಮೊಣಕೈ ತಾಗಬೇಕು. ಕೈದಿಗಳ ಅಂಗಿ, ಬಟ್ಟೆಯ ಚೂರು ಇಷ್ಟು ಚೆನ್ನಾಗಿ ಉಳಿದು ಬಂದಿರುವುದರಲ್ಲಿ ಇಲಿಗಳ ಪಾಲು ದೊಡ್ಡದು. ಸಿಕ್ಕಿದ್ದನ್ನೆಲ್ಲ ನೆಲದ ಹಲಗೆಯಡಿಗೆ ಎಳೆದೊಯ್ದು ಅವು ಗೂಡು ಕಟ್ಟಿದ್ದವು. ಆ ಗೂಡುಗಳೇ ಮುಂದೆ ಮ್ಯೂಸಿಯಂಗೆ ಭಂಡಾರವಾದವು. ಆಸ್ಟ್ರೇಲಿಯಾದ ಕೈದಿ ನೆಲೆಗಳ ಸಾಲಿನಲ್ಲಿ ಯುನೆಸ್ಕೊ 2010ರಲ್ಲಿ ಈ ಕಟ್ಟಡವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗ್ರೀನ್‌ವೇ ಒಬ್ಬನೇ ಅಲ್ಲ. ಈಗಿನ ಇಪ್ಪತ್ತು ಡಾಲರ್ ನೋಟಿನ ಮೇಲಿರುವ ಮೇರಿ ರೈಬಿ, ಹದಿಮೂರರ ವಯಸ್ಸಿಗೆ ಹುಡುಗನ ವೇಷದಲ್ಲಿ ಕುದುರೆ ಕದ್ದು ಗಡೀಪಾರಾದವಳು. ಗಂಡ ತೀರಿದ ಮೇಲೆ ಹಡಗು, ಮಳಿಗೆ, ಮಕ್ಕಳು ಎಲ್ಲವನ್ನೂ ಒಬ್ಬಳೇ ನೋಡಿಕೊಂಡು ಸಿಡ್ನಿಯ ದೊಡ್ಡ ವ್ಯಾಪಾರಿಗಳ ಸಾಲಿಗೆ ಬಂದಳು. ನೌಕಾಪಡೆಯ ಕಿರಿಯ ವೈದ್ಯ ವಿಲಿಯಂ ರೆಡ್‌ಫರ್ನ್ 1797ರ ನಾವಿಕರ ದಂಗೆಯಲ್ಲಿ ಸಿಕ್ಕಿಬಿದ್ದವನು. ಸಿಡ್ನಿಗೆ ಬಂದು ಕೈದಿಗಳಿಂದ ಹಿಡಿದು ಗವರ್ನರನ ಮನೆಯವರತನಕ ಎಲ್ಲರಿಗೂ ಔಷಧ ಕೊಟ್ಟ. ಊರಿನ ಒಂದು ಬಡಾವಣೆಗೆ ಇವತ್ತಿಗೂ ಅವನದೇ ಹೆಸರು. ಆ ಬಡಾವಣೆಗೆ ಮುಂದೆ ಮತ್ತೆ ಹೋಗಲಿಕ್ಕಿದೆ.

ಇಂಥ ಎಷ್ಟೋ ಮಂದಿಗೆ ಬಾಗಿಲು ತೆರೆದದ್ದು ಒಂದು ತುಂಡು ಕಾಗದ. ‘ಟಿಕೆಟ್ ಆಫ್ ಲೀವ್’ ಎಂಬ ಚೀಟಿಯನ್ನು 1801ರಿಂದ ಕೊಡಲು ಶುರು ಮಾಡಿದರು. ಅದು ಕೈಯಲ್ಲಿದ್ದರೆ ಶಿಕ್ಷೆ ಮುಗಿಯುವ ಮೊದಲೇ ಕೈದಿ ತನಗೆ ಬೇಕಾದ ಕಡೆ ಕೂಲಿ ಮಾಡಬಹುದು, ಸಂಪಾದಿಸಿದ್ದನ್ನು ತಾನೇ ಇಟ್ಟುಕೊಳ್ಳಬಹುದು. ಗೊತ್ತುಪಡಿಸಿದ ಜಿಲ್ಲೆ ಬಿಟ್ಟು ಹೋಗಬಾರದು, ಅಷ್ಟೇ. ಈಗಿನ ಪರೋಲ್ ಪದ್ಧತಿಯ ಅಜ್ಜ ಇದು. ಮ್ಯಾಕ್ವಾರಿ ಇನ್ನೂ ಮುಂದೆ ಹೋಗಿ 1810ರಲ್ಲಿ ಸೈಮಿಯನ್ ಲಾರ್ಡ್, ಆಂಡ್ರ್ಯೂ ಥಾಮ್ಸನ್ ಎಂಬ ಇಬ್ಬರು ಮಾಜಿ ಕೈದಿಗಳನ್ನು ಮ್ಯಾಜಿಸ್ಟ್ರೇಟರನ್ನಾಗಿ ಕೂರಿಸಿದ. ಊರಿನ ಮರ್ಯಾದಸ್ಥರಿಗೆ ಇದು ನುಂಗಲಾರದ ತುತ್ತಾಯಿತು. ಪಾದ್ರಿ ಸ್ಯಾಮ್ಯುಯಲ್ ಮಾರ್ಸ್‌ಡನ್ ಅಂಥವರ ಜೊತೆ ಒಂದೇ ಸಮಿತಿಯಲ್ಲಿ ಕೂರಲು ಒಪ್ಪಲಿಲ್ಲ. ಲಂಡನ್ನಿಗೆ ದೂರು ಹೋಯಿತು. 1819ರಲ್ಲಿ ಬಿಗ್ ಎಂಬ ಕಮಿಷನರ್ ವಿಚಾರಣೆಗೆ ಬಂದಿಳಿದ. ಕೈದಿಗಳನ್ನು ಹೀಗೆ ತಲೆ ಮೇಲೆ ಕೂರಿಸಿಕೊಂಡರೆ ಶಿಕ್ಷೆಗೆ ಹೆದರುವವರಾರು ಎಂಬುದೇ ಅವನ ವರದಿಯ ತಿರುಳು. ಮ್ಯಾಕ್ವಾರಿ ಊರಿಗೆ ಮರಳಿದ, 1822ರಲ್ಲಿ ಗ್ರೀನ್‌ವೇ ಕೆಲಸ ಹೋಯಿತು. 1837ರಲ್ಲಿ ಅವನು ಬಡತನದಲ್ಲೇ ತೀರಿಕೊಂಡ.

ನಾವು ಇಂಥ ಕಥೆಗಳನ್ನು ಮನಪರಿವರ್ತನೆಯ ಕಥೆಗಳಾಗಿ ಓದಿ ಕಣ್ಣೊರೆಸಿಕೊಳ್ಳುತ್ತೇವೆ. ಅಂಗುಲಿಮಾಲ ಬುದ್ಧನ ಕಾಲಿಗೆ ಬಿದ್ದ, ಬೇಡ ವಾಲ್ಮೀಕಿಯಾದ. ಆಮೇಲೆ ಎಲ್ಲಿ ಉಳಿದುಕೊಂಡ, ಊಟಕ್ಕೇನು ಮಾಡಿದ ಎಂದು ಕೇಳಿದವರು ಕಡಿಮೆ. ವಾಲ್ಮೀಕಿಗೆ ಹುತ್ತವಾದರೂ ಇತ್ತು. ಗ್ರೀನ್‌ವೇಯ ಮನಸ್ಸು ಪರಿವರ್ತನೆಯಾಗಿತ್ತೇ ಎಂದು ಮ್ಯಾಕ್ವಾರಿ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಆ ವಾಸ್ತುಶಿಲ್ಪಿ ಕೊನೆಯವರೆಗೂ ಜಗಳಗಂಟನೇ ಆಗಿದ್ದ. ಗವರ್ನರನಿಗೆ ಗರಜಿತ್ತು, ಕೈದಿಗೆ ಕಸುಬು ಗೊತ್ತಿತ್ತು. ಕೈದಿಗೆ ಊರು ಬದುಕು ಕೊಟ್ಟದ್ದು ಯಾವ ಹೊತ್ತಿನಲ್ಲಿ ಎಂದು ಹುಡುಕುತ್ತ ಹೋದರೆ, ಬಹಳ ಸಲ ದಯೆಗಿಂತ ಮೊದಲು ಈ ಗರಜೇ ಎದುರಾಗುತ್ತದೆ.

ಮೆಲ್ಬರ್ನಿನ ಉದಾಹರಣೆ ಇನ್ನೂ ಸ್ವಾರಸ್ಯವಾಗಿದೆ. ನಮ್ಮದು ಕೈದಿಗಳ ಊರಲ್ಲ, ಸ್ವತಂತ್ರರು ಕಟ್ಟಿದ್ದು ಎಂಬ ಹಮ್ಮು ಆ ನಗರಕ್ಕೆ ಮೊದಲಿನಿಂದಲೂ ಇದೆ. ಆದರೆ 1844ರಿಂದ 1849ರ ನಡುವೆ ಲಂಡನ್ನಿನ ಪೆಂಟನ್‌ವಿಲ್ ಮುಂತಾದ ಜೈಲುಗಳಲ್ಲಿ ಒಂದಷ್ಟು ಶಿಕ್ಷೆ ಮುಗಿಸಿ ಕಸುಬು ಕಲಿತಿದ್ದವರನ್ನು, ಇಳಿದ ಕೂಡಲೇ ಷರತ್ತಿನ ಕ್ಷಮೆ ಎಂದು ಹೇಳಿ ಹಡಗು ತುಂಬಿ ಅಲ್ಲಿಗೆ ಕಳಿಸಲಾಯಿತು. ಕುರಿ ಸಾಕಣೆಯ ಜಮೀನ್ದಾರರಿಗೆ ಆಳು ಸಿಗುತ್ತಿರಲಿಲ್ಲ, ಅವರು ಕೈ ಚಾಚಿ ಬರಮಾಡಿಕೊಂಡರು. ಪಟ್ಟಣದವರು ಸಭೆ ಸೇರಿ ಬೊಬ್ಬೆ ಹೊಡೆದರು. 1849ರಲ್ಲಿ ‘ರ್‍ಯಾಂಡಾಲ್ಫ್’ ಎಂಬ ಹಡಗನ್ನು ಬಂದರಿನಿಂದಲೇ ಸಿಡ್ನಿಗೆ ಸಾಗಹಾಕಲಾಯಿತು. ಕೆಲಸಕ್ಕೆ ಜನ ಬೇಕಾದವನ ಲೆಕ್ಕ ಬೇರೆ, ಪಕ್ಕದ ಮನೆಯವನ ಲೆಕ್ಕ ಬೇರೆ. ಇದೊಂದು ಇವತ್ತಿಗೂ ಬದಲಾಗಿಲ್ಲ.

ಇವತ್ತಿನ ಜೈಲುಗಳು ಅಲ್ಲಿ ನೆಲೆಸಿದ ನಮ್ಮವರ ಪಕ್ಕದಲ್ಲೇ ಇವೆ. ಸಿಡ್ನಿಯ ಪ್ಯಾರಮಾಟಾ, ಹ್ಯಾರಿಸ್ ಪಾರ್ಕ್, ವೆಸ್ಟ್‌ಮೀಡ್ ಸುತ್ತ ದೋಸೆ ಹೋಟೆಲೂ ದಿನಸಿ ಅಂಗಡಿಯೂ ಸಿಗುತ್ತವೆ. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರಕ್ಕೆ ಸಿಲ್ವರ್‌ವಾಟರ್, ದೇಶದ ದೊಡ್ಡ ಜೈಲು ಸಮುಚ್ಚಯಗಳಲ್ಲೊಂದು. ಮೆಲ್ಬರ್ನಿನ ಪಶ್ಚಿಮಕ್ಕೆ ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್ ಎಂದರೆ ಪ್ರತಿ ವಾರಾಂತ್ಯಕ್ಕೊಂದು ಗೃಹಪ್ರವೇಶ, ಸತ್ಯನಾರಾಯಣ ಪೂಜೆ. ಟ್ರುಗನೀನಾದಲ್ಲೇ 1997ರಲ್ಲಿ ತೆರೆದ ಪೋರ್ಟ್ ಫಿಲಿಪ್ ಜೈಲು ಇತ್ತು. ಆಚೆಗೆ 2017ರಲ್ಲಿ ತೆರೆದ ರೇವನ್‌ಹಾಲ್ ಜೈಲು, ಹತ್ತಿರದಲ್ಲೇ ಹೆಂಗಸರ ಡೇಮ್ ಫಿಲಿಸ್ ಫ್ರಾಸ್ಟ್ ಸೆಂಟರ್. ಸಾಲದ ಕಂತು ಕಟ್ಟುತ್ತ ಆ ಹೆದ್ದಾರಿಯಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಬೇಲಿಯಾಚೆ ಏನಿದೆ ಎಂಬುದೇ ಗಮನಕ್ಕೆ ಬಂದಿರುವುದಿಲ್ಲ.

ಹೊರಬರುವವನ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಹೋದ ದಿನ ತೊಟ್ಟಿದ್ದ ಬಟ್ಟೆ, ಚಾರ್ಜಿಲ್ಲದ ಹಳೆ ಫೋನು, ಬಿಡುಗಡೆಯ ಕಾಗದ. ಕನಿಷ್ಠ ಹದಿನಾಲ್ಕು ದಿನ ಒಳಗಿದ್ದು, ಕೈಯಲ್ಲಿ ಕಾಸಿಲ್ಲದವರಿಗೆ ಸೆಂಟರ್‌ಲಿಂಕ್ ಎಂಬ ಸರ್ಕಾರಿ ಕಚೇರಿ ‘ಕ್ರೈಸಿಸ್ ಪೇಮೆಂಟ್’ ಕೊಡುತ್ತದೆ: ಒಂದು ವಾರದ ಭತ್ಯೆಯಷ್ಟು, ಒಂದೇ ಸಲ. ಸಿಡ್ನಿ, ಮೆಲ್ಬರ್ನುಗಳಲ್ಲಿ ಅಷ್ಟು ದುಡ್ಡಿಗೆ ಮನೆಯ ಮಾತು ಬಿಡಿ, ಒಂದು ಕೋಣೆಯ ಬಾಡಿಗೆ ಮುಂಗಡವೂ ಹುಟ್ಟುವುದಿಲ್ಲ. ಭತ್ಯೆ ಮುಂದುವರಿಯಬೇಕೆಂದರೆ ಗುರುತಿನ ದಾಖಲೆ ಬೇಕು, ಬ್ಯಾಂಕ್ ಖಾತೆ ಬೇಕು, ಫೋನಿನಲ್ಲಿ ‘ಮೈಗವ್’ ಖಾತೆ ಬೇಕು, ಅದಕ್ಕೆ ಒಟಿಪಿ ಬರುವ ನಂಬರ್ ಬೇಕು. ಜೈಲಿನೊಳಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ನಡೆಯುವುದಿಲ್ಲ; ಅಲ್ಲಿನ ಚಿಕಿತ್ಸೆ ರಾಜ್ಯ ಸರ್ಕಾರದ್ದು. ಹಾಗಾಗಿ ಹೊರಬಂದವನು ವೈದ್ಯರ ಬಳಿ ಹೋಗುವ ಮೊದಲು ಕಾರ್ಡಿನ ಗೊಂದಲ ಬಿಡಿಸಿಕೊಳ್ಳಬೇಕು. ನಗದು ಟಿಕೆಟ್ ಕಾಲದಲ್ಲಿ ಒಳಗೆ ಹೋದವನಿಗೆ ಬಸ್ಸು ರೈಲಿನ ಓಪಲ್, ಮೈಕಿ ಕಾರ್ಡುಗಳನ್ನು ಯಾರೋ ತೋರಿಸಿಕೊಡಬೇಕು.

ಇಲ್ಲೊಂದು ಅಡ್ಡಮಾತು. ಬೆಂಗಳೂರಿನಿಂದ ಹೊಸದಾಗಿ ಹೋದ ಸಾಫ್ಟ್‌ವೇರ್ ಎಂಜಿನಿಯರ್ ಕೂಡ ಮೊದಲ ಮೂರು ತಿಂಗಳು ಪಡುವ ಪಾಡು ಇದೇ. ಬಾಡಿಗೆಗೆ ಹೋದರೆ ‘ರೆಂಟಲ್ ಹಿಸ್ಟರಿ ಎಲ್ಲಿ’ ಎನ್ನುತ್ತಾರೆ, ಕೆಲಸಕ್ಕೆ ಹೋದರೆ ‘ಲೋಕಲ್ ಎಕ್ಸ್‌ಪೀರಿಯೆನ್ಸ್ ಎಲ್ಲಿ’ ಎನ್ನುತ್ತಾರೆ, ಬ್ಯಾಂಕಿನಲ್ಲಿ ನೂರು ಪಾಯಿಂಟಿನ ಗುರುತಿನ ಚೀಟಿ ಕೇಳುತ್ತಾರೆ. ಶನಿವಾರ ಮನೆ ತೋರಿಸುವ ಹೊತ್ತಿಗೆ ಬಾಗಿಲ ಮುಂದೆ ನಿಂತ ಸಾಲಿನಲ್ಲಿ ವಲಸಿಗನೂ ಇರುತ್ತಾನೆ, ಜೈಲಿನಿಂದ ಬಂದವನೂ ಇರುತ್ತಾನೆ. ಇಬ್ಬರ ಅರ್ಜಿಯಲ್ಲೂ ಖಾಲಿ ಬಿಟ್ಟ ಕಾಲಂಗಳು ಒಂದೇ. ಒಬ್ಬನ ಕೈಯಲ್ಲಿ ಉಳಿತಾಯವಿದೆ, ಕನ್ನಡ ಸಂಘದ ವಾಟ್ಸ್‌ಆ್ಯಪ್ ಗ್ರೂಪಿದೆ. ಇನ್ನೊಬ್ಬನಿಗೆ ಅದಿಲ್ಲ.

ವಿಳಾಸ ಎಷ್ಟು ಮುಖ್ಯ ಎಂಬುದನ್ನು ಅಲ್ಲಿಯವರು ಅಂದಾಜಿನ ಮೇಲೆ ಹೇಳುತ್ತಿಲ್ಲ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಐಲೀನ್ ಬಾಲ್ಡ್ರಿ ಮತ್ತು ಜೊತೆಗಾರರು ಸಿಡ್ನಿ, ಮೆಲ್ಬರ್ನುಗಳಿರುವ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ರಾಜ್ಯಗಳ ಕೈದಿಗಳನ್ನು ಬಿಡುಗಡೆಗೆ ಮುಂಚೆ ಮಾತಾಡಿಸಿ, ಬಿಡುಗಡೆಯ ನಂತರ ತಿಂಗಳುಗಟ್ಟಲೆ ಹಿಂಬಾಲಿಸಿ 2003ರಲ್ಲಿ ವರದಿ ಕೊಟ್ಟರು. ಪದೇ ಪದೇ ಮನೆ ಬದಲಿಸಬೇಕಾಗಿ ಬಂದವರು ಮರಳಿ ಜೈಲು ಸೇರುವುದು ಹೆಚ್ಚು ಎಂಬುದು ಅದರಲ್ಲಿ ಎದ್ದು ಕಂಡಿತು. ಒಬ್ಬ ಗೆಳೆಯನ ಸೋಫಾ, ಒಂದು ವಾರ ಹಾಸ್ಟೆಲ್, ಆಮೇಲೆ ಕಾರಿನ ಹಿಂದಿನ ಸೀಟು, ಕೊನೆಗೆ ಹಳೆಯ ಸಹವಾಸದವನ ಮನೆ. ಈ ಇಳಿಜಾರಿನಲ್ಲಿ ‘ಬುದ್ಧಿ ಬಂತೋ ಇಲ್ಲವೋ’ ಎಂಬ ಪ್ರಶ್ನೆ ಏಳುವುದಕ್ಕೂ ಪುರುಸೊತ್ತಿರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಶಿಕ್ಷೆ ಮುಗಿಸಿ ಹೊರಬಂದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಎರಡೇ ವರ್ಷದೊಳಗೆ ಮತ್ತೆ ಕೃಷ್ಣ ಜನ್ಮಸ್ಥಾನ ಸೇರುತ್ತಾರೆ. ಒಳಗಿರುವವರಲ್ಲಿ ಮೂರರಲ್ಲೊಂದು ಪಾಲು ಅಲ್ಲಿನ ಮೂಲನಿವಾಸಿಗಳು. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ನಾಲ್ವರೂ ಇಲ್ಲ.

ಇನ್ನು ಕೆಲಸ. ಎರಡು ಶತಮಾನದ ಹಿಂದೆ ಒಂದು ಚೀಟಿ ಬಾಗಿಲು ತೆರೆಯುತ್ತಿತ್ತು ಎಂದೆನಲ್ಲ, ಈಗ ಬಾಗಿಲು ಮುಚ್ಚುವುದೂ ಒಂದು ಚೀಟಿಯೇ. ಪೊಲೀಸ್ ಚೆಕ್ ಎನ್ನುತ್ತಾರೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿ ಒಂದಿಷ್ಟು ಡಾಲರ್ ಕಟ್ಟಿದರೆ ದೇಶದ ಯಾವ ರಾಜ್ಯದಲ್ಲಿ ಶಿಕ್ಷೆಯಾಗಿದ್ದರೂ ಹೊರಬೀಳುತ್ತದೆ. ಸೆಕ್ಯುರಿಟಿ ಗಾರ್ಡ್, ಟ್ಯಾಕ್ಸಿ, ಮಕ್ಕಳ ಪಾಲನೆ, ವೃದ್ಧರ ಆರೈಕೆ, ಅಂಗವಿಕಲರ ಸೇವೆ: ಇವಕ್ಕೆಲ್ಲ ತಪಾಸಣೆ ಕಡ್ಡಾಯ. ಮಕ್ಕಳ ಜೊತೆ ಕೆಲಸ ಮಾಡುವವರನ್ನು ಜಾಲಾಡಿ ನೋಡಬೇಕಾದದ್ದೇ, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವವನಿಗೂ, ರಾತ್ರಿ ಆಫೀಸು ಗುಡಿಸುವವಳಿಗೂ ಅದೇ ಚೀಟಿ ಕೇಳುವ ರೂಢಿ ಬೆಳೆದುಬಿಟ್ಟಿದೆ.

ಹಳೆಯ ಶಿಕ್ಷೆ ಒಂದು ಕಾಲಾವಧಿಯ ನಂತರ ದಾಖಲೆಯಿಂದ ಮರೆಯಾಗುವ ಕಾನೂನೂ ಇದೆ. ನ್ಯೂ ಸೌತ್ ವೇಲ್ಸಿನಲ್ಲಿ 1991ರಿಂದಲೇ ಇದೆ: ಹತ್ತು ವರ್ಷ ತಪ್ಪು ಮಾಡದೆ ಇದ್ದರೆ ಹಳೆಯದನ್ನು ಹೇಳಬೇಕಾಗಿಲ್ಲ. ಆದರೆ ಆರು ತಿಂಗಳಿಗಿಂತ ಹೆಚ್ಚಿನ ಜೈಲು ಶಿಕ್ಷೆಯಾದವರಿಗೆ ಇದು ಅನ್ವಯಿಸುವುದಿಲ್ಲ, ಅಂದರೆ ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ. ವಿಕ್ಟೋರಿಯಾ ಇಂಥ ಕಾನೂನು ಮಾಡಿದ ಕೊನೆಯ ರಾಜ್ಯ. 2021ರಲ್ಲಿ ಮಾಡಿತು, ಸ್ವಲ್ಪ ಕೈ ಬಿಚ್ಚಿ ಮಾಡಿತು: ಲೈಂಗಿಕ ಅಪರಾಧ, ಗಂಭೀರ ಹಿಂಸೆ ಬಿಟ್ಟು, ಮೂವತ್ತು ತಿಂಗಳವರೆಗಿನ ಜೈಲುವಾಸವೂ ಹತ್ತು ವರ್ಷದ ನಂತರ ತಾನಾಗಿ ಮರೆಯಾಗುತ್ತದೆ.

ಆ ಕಾನೂನಿನ ಹಿಂದೆ ಲ್ಯಾರಿ ವಾಲ್ಶ್ ಎಂಬ ಹಿರಿಯರ ಕಥೆಯಿದೆ. ಟಾಂಗುರುಂಗ್ ಸಮುದಾಯದ ಅವರನ್ನು ಅಲ್ಲಿ ಎಲ್ಲರೂ ಕರೆಯುವುದು ಅಂಕಲ್ ಲ್ಯಾರಿ ಎಂದು. 1950ರ ದಶಕದಲ್ಲಿ, ಇನ್ನೂ ಮೂರು ವರ್ಷ ತುಂಬದ ಮಗುವಾಗಿದ್ದಾಗ, ಸರ್ಕಾರ ಅವರನ್ನು ತಾಯಿತಂದೆಯಿಂದ ಕಿತ್ತುಕೊಂಡಿತು. ಮೂಲನಿವಾಸಿಗಳ ಮಕ್ಕಳನ್ನು ಹಾಗೆ ಎತ್ತಿಕೊಂಡು ಹೋಗುತ್ತಿದ್ದ ಕಾಲ ಅದು. ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿದೆ’ ಎಂಬ ಆ ಕೋರ್ಟು ಆದೇಶ ಪೊಲೀಸ್ ಕಡತದಲ್ಲಿ ಆರೋಪದ ರೂಪದಲ್ಲಿ ದಾಖಲಾಯಿತು. ಮುಂದೆ ಅವರು ಕೆಲಸಕ್ಕೆ ಅಲೆದಾಗಲೆಲ್ಲ, ಕೋರ್ಟಿನ ಮುಂದೆ ನಿಂತಾಗಲೆಲ್ಲ, ಕ್ರಿಮಿನಲ್ ದಾಖಲೆಯ ಮೊದಲ ಸಾಲಿನಲ್ಲಿ ಅದೇ. ತೊಟ್ಟಿಲು ಬಿಟ್ಟ ಮಗುವಿಗೆ ಕ್ರಿಮಿನಲ್ ದಾಖಲೆ! ವೂರ್-ಡಂಗಿನ್ ಎಂಬ ಸಂಸ್ಥೆಯವರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ ಇಂಥ ಆದೇಶಗಳನ್ನು ಅಪರಾಧವೆಂದು ಎಣಿಸಕೂಡದೆಂದು ವಿಕ್ಟೋರಿಯಾ ಕಾನೂನು ತಿದ್ದಿತು.

ದಾಖಲೆ ನೋಡಿ ಕೆಲಸ ನಿರಾಕರಿಸಿದರೆ? ಆಸ್ಟ್ರೇಲಿಯಾದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದು. ಆ ಕೆಲಸಕ್ಕೂ ಹಳೆಯ ಅಪರಾಧಕ್ಕೂ ಸಂಬಂಧವಿಲ್ಲದಿದ್ದರೆ ಅದು ತಾರತಮ್ಯ. ಆಯೋಗ ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ಶಿಫಾರಸು ಬರೆಯುತ್ತದೆ. ಕಂಪೆನಿ ಅದನ್ನು ಓದಿ ಡ್ರಾಯರಿಗೆ ಹಾಕಿದರೂ ಏನೂ ಆಗುವುದಿಲ್ಲ, ಏಕೆಂದರೆ ಆ ಶಿಫಾರಸಿಗೆ ಹಲ್ಲಿಲ್ಲ. ನಮ್ಮಲ್ಲಿ ಪರಿಸ್ಥಿತಿ ಇನ್ನೂ ಬಿಗಿ. 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಮು, ಜೈಲಿಗೆ ಹೋಗದೆ ಪ್ರೊಬೇಷನ್ ಮೇಲೆ ಬಿಟ್ಟವರಿಗೆ ಮಾತ್ರ ಅನರ್ಹತೆಯಿಂದ ರಕ್ಷಣೆ ಕೊಡುತ್ತದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟರೂ ನೇಮಕ ಮಾಡುವವರು ಮನ್ನಿಸಬಹುದೆಂದು ಹೇಳಿತು. ಜೈಲು ನೋಡಿ ಬಂದವನಿಗೆ ಮಾತ್ರ ಪೊಲೀಸ್ ವೆರಿಫಿಕೇಷನ್ ಎಂದರೆ ಮುಗಿಯಿತು.

ಹೀಗಿದ್ದರೂ ಕೆಲಸ ಸಿಗುವವರಿಗೆ ಎಲ್ಲಿ ಸಿಗುತ್ತದೆ? ಕಟ್ಟಡ ಕೆಲಸದಲ್ಲಿ, ಗೋದಾಮಿನಲ್ಲಿ, ರಸ್ತೆ ಅಗೆಯುವಾಗ ‘ಸ್ಟಾಪ್’ ‘ಸ್ಲೋ’ ಫಲಕ ಹಿಡಿದು ನಿಲ್ಲುವ ಟ್ರಾಫಿಕ್ ಕಂಟ್ರೋಲ್‌ನಲ್ಲಿ. ಜನ ಸಿಗದೆ ಒದ್ದಾಡುತ್ತಿರುವ ಕಂಟ್ರಾಕ್ಟರ್ ಬೆಳಿಗ್ಗೆ ಆರಕ್ಕೆ ಸೈಟಿಗೆ ಬರುತ್ತೀಯಾ, ‘ವೈಟ್ ಕಾರ್ಡ್’ ಇದೆಯಾ ಎಂದಷ್ಟೇ ಕೇಳುತ್ತಾನೆ. ವೈಟ್ ಕಾರ್ಡ್ ಎಂದರೆ ಕಟ್ಟಡ ಸ್ಥಳದ ಸುರಕ್ಷತಾ ತರಬೇತಿಯ ಪತ್ರ. ಅದನ್ನೂ ಫೋರ್ಕ್‌ಲಿಫ್ಟ್ ತರಬೇತಿಯನ್ನೂ ಜೈಲಿನೊಳಗೇ ಕೊಡಿಸುವುದುಂಟು. ಮ್ಯಾಕ್ವಾರಿಯ ಕಾಲದ ಗರಜು ಈಗ ಹಳದಿ ಜಾಕೆಟ್ ತೊಟ್ಟು ನಿಂತಿದೆ.

ಒಳಗೆ ದುಡಿದದ್ದರಿಂದ ಕೈಗೆ ಏನೂ ಉಳಿಯುವುದಿಲ್ಲ. ಕೈದಿಯ ದಿನಗೂಲಿ ಅಲ್ಲಿ ಕೆಲವೇ ಡಾಲರ್. ಹೊರಗಿನ ಒಂದು ಗಂಟೆಯ ಕನಿಷ್ಠ ವೇತನಕ್ಕೂ ಸಮವಾಗದು. ಕರ್ನಾಟಕ ಈಚೆಗೆ ಕೌಶಲವಿಲ್ಲದ ಕೈದಿಯ ದಿನಗೂಲಿಯನ್ನೂ 524 ರೂಪಾಯಿಗೆ ಏರಿಸಿದಾಗ ನಮ್ಮಲ್ಲೇ ಕೆಲವರು ಗೊಣಗಿದರು. ನನಗನ್ನಿಸುವುದು, ಆ ದುಡ್ಡಿನಲ್ಲಿ ಬಿಡುಗಡೆಯಾದವನು ಮೊದಲ ತಿಂಗಳ ಬಾಡಿಗೆ ಕಟ್ಟಿದರೆ ಅದಕ್ಕಿಂತ ಅಗ್ಗದ ಪೊಲೀಸ್ ವ್ಯವಸ್ಥೆ ಇಲ್ಲ. ಆಸ್ಟ್ರೇಲಿಯಾದಲ್ಲಿ ಒಬ್ಬ ಕೈದಿಯನ್ನು ಒಳಗಿಟ್ಟುಕೊಳ್ಳಲು ದಿನಕ್ಕೆ ತಗಲುವ ವೆಚ್ಚ ಈಗ ನಾನೂರು ಡಾಲರ್ ದಾಟುತ್ತದೆ.

ಕೆಲವು ಕಡೆ ಗರಜಿನ ಜೊತೆಗೆ ಯೋಚನೆಯೂ ಸೇರಿದೆ. ಟೋಲ್ ಎಂಬ ಸರಕು ಸಾಗಣೆ ಕಂಪೆನಿ 2001ರಲ್ಲಿ ‘ಸೆಕೆಂಡ್ ಸ್ಟೆಪ್’ ಎಂಬ ಯೋಜನೆ ಶುರು ಮಾಡಿ, ಮಾದಕ ವ್ಯಸನದಿಂದ, ಜೈಲಿನಿಂದ ಹೊರಬಂದವರನ್ನು ಒಂದು ವರ್ಷದ ಮಟ್ಟಿಗೆ ಸಂಬಳಕ್ಕಿಟ್ಟುಕೊಂಡು ಜೊತೆಗೊಬ್ಬ ಅನುಭವಿಯನ್ನು ಬೆನ್ನಿಗೆ ನಿಲ್ಲಿಸಿತು. ಮೆಲ್ಬರ್ನಿನಲ್ಲಿ ವೈಎಂಸಿಎಯವರ ‘ರೀಬಿಲ್ಡ್’ ಜೈಲಿನಿಂದ ಬಂದ ಹುಡುಗರಿಗೆ ಕಟ್ಟಡಗಳ ದುರಸ್ತಿ, ನಿರ್ವಹಣೆಯ ಕೆಲಸ ಕೊಡುತ್ತದೆ. ರೇವನ್‌ಹಾಲ್ ಜೈಲನ್ನು ನಡೆಸುವ ಖಾಸಗಿ ಕಂಪೆನಿಯ ಒಪ್ಪಂದದಲ್ಲೇ ಒಂದು ಷರತ್ತಿದೆ: ಅಲ್ಲಿಂದ ಹೋದವರು ಮರಳಿ ಬರುವ ಪ್ರಮಾಣ ರಾಜ್ಯದ ಉಳಿದ ಜೈಲುಗಳಿಗಿಂತ ಶೇ 12ರಷ್ಟು, ಮೂಲನಿವಾಸಿಗಳಲ್ಲಿ ಶೇ 14ರಷ್ಟು ಇಳಿದರೆ ಬೋನಸ್. ಜೈಲು ನಡೆಸುವವನಿಗೆ ಗಿರಾಕಿ ಕಡಿಮೆಯಾದರೆ ಲಾಭ! ಖಾಸಗಿ ಜೈಲಿನ ಬಗ್ಗೆ ನನಗೆ ಒಲವಿಲ್ಲ, ಆದರೂ ಈ ಒಂದು ಷರತ್ತನ್ನು ಸರ್ಕಾರಿ ಜೈಲುಗಳಿಗೂ ಹಾಕಬಾರದೇಕೆ ಎನಿಸುತ್ತದೆ.

ಹಳೆಯ ಸಂಸ್ಥೆಗಳೂ ಇವೆ. ಮೆಲ್ಬರ್ನಿನ ‘ವ್ಯಾಕ್ರೊ’ 1872ರಲ್ಲಿ ಬಿಡುಗಡೆಯಾದ ಕೈದಿಗಳ ಸಹಾಯ ಸಂಘವಾಗಿ ಹುಟ್ಟಿದ್ದು. ಸಿಡ್ನಿಯ ‘ಕಮ್ಯೂನಿಟಿ ರೆಸ್ಟೊರೇಟಿವ್ ಸೆಂಟರ್’ 1951ರದ್ದು. ಮೆಲ್ಬರ್ನಿನ ಪೆಂಟ್ರಿಜ್ ಜೈಲಿನಲ್ಲಿ ಮೂರು ದಶಕ ಪಾದ್ರಿಯಾಗಿದ್ದ ಜಾನ್ ಬ್ರಾಸ್ನನ್, 1967ರ ಫೆಬ್ರುವರಿ 3ರಂದು ಆಸ್ಟ್ರೇಲಿಯಾದಲ್ಲಿ ಕೊನೆಯದಾಗಿ ಗಲ್ಲಿಗೇರಿದ ರೊನಾಲ್ಡ್ ರಯಾನ್ ಜೊತೆ ಕಡೆಯ ಗಳಿಗೆಯಲ್ಲಿದ್ದವರು. ಜೆಸ್ಯೂಟ್ ಪಾದ್ರಿಗಳು 1977ರಲ್ಲಿ ಬಿಡುಗಡೆಯಾದ ಹುಡುಗರಿಗಾಗಿ ಹಾಥಾರ್ನಿನಲ್ಲಿ ಶುರು ಮಾಡಿದ ವಸತಿ ಮುಂದೆ ಇವರ ಹೆಸರನ್ನೇ ಹೊತ್ತಿತು. ಪೆಂಟ್ರಿಜ್ 1997ರಲ್ಲಿ ಮುಚ್ಚಿತು. ಆ ನೀಲಿಕಲ್ಲಿನ ಗೋಡೆಗಳೊಳಗೆ ಈಗ ಅಪಾರ್ಟ್‌ಮೆಂಟು, ಸಿನಿಮಾ, ಹೋಟೆಲು. ಒಂದು ಕಾಲಕ್ಕೆ ಒಳಗಿದ್ದವರ ಕೈಗೆ ಎಟುಕದ ಬಾಡಿಗೆ.

ಎರಡು ಪ್ರಯತ್ನಗಳ ಬಳಿ ಸ್ವಲ್ಪ ನಿಲ್ಲಬೇಕು. ಮೊದಲನೆಯದು ಮೆಲ್ಬರ್ನಿನ ‘ದಿ ಟಾರ್ಚ್’. ಮೂಲನಿವಾಸಿ ಕೈದಿಗಳಿಗೆ ತಮ್ಮ ಕುಲ, ನೆಲ, ಭಾಷೆಯ ಕಥೆ ಗೊತ್ತಿರುವುದಿಲ್ಲ. ಹಿಂದಿನ ತಲೆಮಾರನ್ನೇ ಕಿತ್ತು ಹಾಕಿದ್ದರಲ್ಲ. ಟಾರ್ಚಿನವರು ಜೈಲಿನೊಳಗೆ ಹೋಗಿ ಮೊದಲು ಆ ಬೇರನ್ನು ಹುಡುಕಿಕೊಡುತ್ತಾರೆ, ಆಮೇಲೆ ಕುಂಚ ಕೊಡುತ್ತಾರೆ. ‘ಕನ್‌ಫೈನ್ಡ್’ ಎಂಬ ಅವರ ವಾರ್ಷಿಕ ಪ್ರದರ್ಶನ 2009ರಿಂದ ನಡೆಯುತ್ತಿದೆ. ಮಾರಾಟದ ನೂರಕ್ಕೆ ನೂರು ಹಣ ಕಲಾವಿದನಿಗೆ. ಜೈಲಿನೊಳಗಿದ್ದವರು ಚಿತ್ರ ಮಾರಿ ಹಣ ಪಡೆಯಲು ಮೊದಲು ಅವಕಾಶವಿರಲಿಲ್ಲ. ದಶಕದ ಹಿಂದೆ ವಿಕ್ಟೋರಿಯಾ ನಿಯಮ ಬದಲಿಸಿತು. ನಮ್ಮ ಹುಲುಗಪ್ಪ ಕಟ್ಟೀಮನಿ ಬಳ್ಳಾರಿ, ಮೈಸೂರು ಜೈಲುಗಳ ಕೈದಿಗಳನ್ನು ಕಟ್ಟಿಕೊಂಡು ನಾಟಕ ಆಡಿಸಿ ಊರೂರು ಸುತ್ತಿದ್ದು ಇಲ್ಲಿ ನೆನಪಾಗುತ್ತದೆ. ರಂಗದ ಮೇಲೆ ಸಿಕ್ಕ ಚಪ್ಪಾಳೆಗೆ ಬೆಲೆ ಕಟ್ಟಲಾಗದು, ನಿಜ. ಟಾರ್ಚಿನವರು ಒಂದು ಹೆಜ್ಜೆ ಮುಂದೆ ಹೋಗಿ ಬೆಲೆ ಕಟ್ಟಿದರು, ಚೀಟಿ ಅಂಟಿಸಿದರು, ಮಾರಿದರು.

ಎರಡನೆಯದು ರೆಡ್‌ಫರ್ನಿನದು. ಹಿಂದೆ ಹೇಳಿದ ದಂಗೆಕೋರ ವೈದ್ಯನ ಹೆಸರಿನ ಬಡಾವಣೆ ಇಪ್ಪತ್ತನೆಯ ಶತಮಾನದಲ್ಲಿ ಸಿಡ್ನಿಯ ಮೂಲನಿವಾಸಿಗಳ ಕೇರಿಯಾಯಿತು. ಪೊಲೀಸರಿಗೂ ಅಲ್ಲಿನ ಹುಡುಗರಿಗೂ ಹಾವು ಮುಂಗುಸಿಯ ನಂಟು. 2009ರಲ್ಲಿ ‘ಟ್ರೈಬಲ್ ವಾರಿಯರ್’ ಸಂಸ್ಥೆಯ ಶೇನ್ ಫಿಲಿಪ್ಸ್ ಮತ್ತು ಠಾಣೆಯ ಮುಖ್ಯಸ್ಥ ಲ್ಯೂಕ್ ಫ್ರಾಯ್ಡನ್‌ಸ್ಟೈನ್ ಸೇರಿ ಮುಂಜಾನೆಯ ಬಾಕ್ಸಿಂಗ್ ಶುರು ಮಾಡಿದರು. ಬೆಳಿಗ್ಗೆ ಆರಕ್ಕೆ ಹುಡುಗರು ಬರಬೇಕು, ಪೊಲೀಸರೂ ಬರಬೇಕು. ಕೈಗವಸು ಹಾಕಿ ಒಬ್ಬರೆದುರು ಒಬ್ಬರು ನಿಲ್ಲಬೇಕು. ಮುಂದೆ ಲಾಂಗ್ ಬೇ ಜೈಲಿನ ಕೈದಿಗಳನ್ನೂ ಬಿಡುಗಡೆಗೆ ಮುನ್ನ ಅಲ್ಲಿಗೆ ಕರೆತರುವ ವ್ಯವಸ್ಥೆ ಆಯಿತು. ನನಗೆ ಮುಖ್ಯವೆನಿಸುವುದು ಬಾಕ್ಸಿಂಗ್ ಅಲ್ಲ, ಆರು ಗಂಟೆ. ಆರಕ್ಕೆ ಎದ್ದು ಬರುವವನು ಏಳಕ್ಕೆ ಸೈಟಿಗೂ ಹೋಗಬಲ್ಲ.

ಅದೇ ರೆಡ್‌ಫರ್ನಿನ ಓಣಿಗಳಲ್ಲಿ ಬೆಳೆದ ಕೀನನ್ ಮುಂಡೈನ್ ಎಳವೆಯಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು, ಹದಿಹರೆಯದಿಂದ ಜೈಲಿಗೂ ಬೀದಿಗೂ ಓಡಾಡಿದವರು. ಈಗ ಹೆಂಡತಿ ಕಾರ್ಲಿ ಸ್ಟ್ಯಾನ್ಲಿ ಜೊತೆ ಸೇರಿ ಕಟ್ಟಿದ ‘ಡೆಡ್ಲಿ ಕನೆಕ್ಷನ್ಸ್’ ಸಂಸ್ಥೆ, ಹೊರಬರುವ ಮೂಲನಿವಾಸಿಗಳ ಬೆನ್ನಿಗೆ ನಿಲ್ಲುತ್ತದೆ. 2018ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯ ಮುಂದೆ ನಿಂತು, ಹತ್ತು ವರ್ಷದ ಮಗುವನ್ನು ಜೈಲಿಗೆ ಹಾಕುವ ತನ್ನ ದೇಶದ ಕಾನೂನಿನ ವಿರುದ್ಧ ಅವರು ಮಾತಾಡಿದರು. ಬೇರೆಡೆ ಕೆಲಸ ಕೆಡಿಸುವ ಜೈಲಿನ ಅನುಭವ ಇಂಥ ಸಂಸ್ಥೆಗಳಲ್ಲಿ ಮಾತ್ರ ಅರ್ಹತೆಯ ಕಾಲಂನಲ್ಲಿ ಬರುತ್ತದೆ.

ಇನ್ನು ನಮ್ಮವರ ಮಾತು. ಸಿಡ್ನಿ, ಮೆಲ್ಬರ್ನಿನ ಕನ್ನಡಿಗರಲ್ಲಿ ಈಗ ನೇಮಕ ಮಾಡುವ ಕುರ್ಚಿಯಲ್ಲಿ ಕೂತವರಿದ್ದಾರೆ, ರೆಸ್ಟೋರೆಂಟು, ಕ್ಲೀನಿಂಗ್ ಕಂಪೆನಿ, ಗೋದಾಮು ನಡೆಸುವವರಿದ್ದಾರೆ, ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟವರಂತೂ ಬಹಳ. ಪೊಲೀಸ್ ಚೆಕ್ ಎಂಬ ಕಾಗದವನ್ನು ಇವರೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಬಂದ ಕಾಗದದಲ್ಲಿ ಒಂದು ಸಾಲು ಕಂಡ ತಕ್ಷಣ ಅರ್ಜಿಯನ್ನು ಪಕ್ಕಕ್ಕಿಡದೆ, ಯಾವಾಗಿನದು, ಈ ಕೆಲಸಕ್ಕೆ ಅದರಿಂದ ಏನು ತೊಂದರೆ ಎಂದು ಎರಡು ಮಾತು ಕೇಳುವವರು ಕಡಿಮೆ. ‘ನಮಗ್ಯಾಕೆ ಬೇಕು ಸಾರ್ ರಿಸ್ಕು’ ಎಂಬ ಮಾತು ಕನ್ನಡದಲ್ಲೂ ಅಷ್ಟೇ ಸರಾಗವಾಗಿ ಬರುತ್ತದೆ.

ರಿಸ್ಕು ಮನೆಯೊಳಗೇ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಆಸ್ಟ್ರೇಲಿಯಾದ ವಲಸೆ ಕಾಯ್ದೆಯ 501ನೇ ಕಲಮಿಗೆ 2014ರ ಡಿಸೆಂಬರಿನಲ್ಲಿ ತಿದ್ದುಪಡಿ ಆಯಿತು. ಅಲ್ಲಿಂದ ಈಚೆಗೆ, ಪೌರತ್ವ ಪಡೆಯದ ಯಾರಿಗೇ ಆಗಲಿ ಹನ್ನೆರಡು ತಿಂಗಳು ಅಥವಾ ಅದಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಗಿ ಒಳಗಿದ್ದರೆ ವೀಸಾ ಕಡ್ಡಾಯವಾಗಿ ರದ್ದು. ಪರ್ಮನೆಂಟ್ ರೆಸಿಡೆಂಟ್ ಆಗಿ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದರೂ ಅಷ್ಟೇ. ಭಾರತ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ. ಊರಿನ ಜಮೀನು, ವಯಸ್ಸಾದ ಅಪ್ಪ ಅಮ್ಮ ಎಂದುಕೊಂಡು ನೀಲಿ ಪಾಸ್‌ಪೋರ್ಟ್ ಬಿಡದೆ ಪಿಆರ್ ಮೇಲೇ ಉಳಿದವರು ನಮ್ಮಲ್ಲಿದ್ದಾರೆ. ಕುಡಿದು ಗಾಡಿ ಓಡಿಸಿ ಎದುರಿನವನ ಪ್ರಾಣ ಹೋದರೆ, ಮನೆಯೊಳಗಿನ ಜಗಳ ಹೊಡೆತಬಡಿತಕ್ಕೆ ತಿರುಗಿದರೆ ಹನ್ನೆರಡು ತಿಂಗಳು ದೊಡ್ಡ ಶಿಕ್ಷೆಯೇನಲ್ಲ. ಶಿಕ್ಷೆ ಮುಗಿದ ದಿನ ಜೈಲಿನ ಬಾಗಿಲಿನಿಂದ ನೇರ ಸಿಡ್ನಿಯಲ್ಲಾದರೆ ವಿಲ್ಲಾವುಡ್, ಮೆಲ್ಬರ್ನಿನಲ್ಲಾದರೆ ಬ್ರಾಡ್‌ಮೆಡೋಸಿನ ವಲಸೆ ಬಂಧನ ಕೇಂದ್ರ. ರದ್ದತಿ ಹಿಂತೆಗೆಯಲು ಅರ್ಜಿ ಹಾಕಬಹುದು. ಒಪ್ಪದಿದ್ದರೆ ವಿಮಾನ. ಹೆಂಡತಿ ಮಕ್ಕಳು ಆಸ್ಟ್ರೇಲಿಯಾದ ಪ್ರಜೆಗಳಾಗಿ ಅಲ್ಲೇ ಉಳಿಯಬಹುದು, ಮನೆಯ ಸಾಲವೂ ಅಲ್ಲೇ.

ಈ ಕಲಮಿನಿಂದ ಅತಿ ಹೆಚ್ಚು ಹೊರಬಿದ್ದವರು ನ್ಯೂಜಿಲೆಂಡಿನವರು. ಅವರನ್ನು ಅಲ್ಲಿ ‘501ರವರು’ ಎಂದೇ ಕರೆಯುತ್ತಾರೆ. ಆ ದೇಶ 2015ರಲ್ಲಿ ಪ್ರತ್ಯೇಕ ಕಾನೂನು ಮಾಡಿ, ಅವರ ಮೇಲೆ ನಿಗಾ ಇಟ್ಟಿತು. ಕೈದಿಗಳ ಸಹಾಯ ಸಂಘವೊಂದು ಬಂದಿಳಿದವರಿಗೆ ತಾತ್ಕಾಲಿಕ ವಸತಿ, ಬ್ಯಾಂಕ್ ಖಾತೆ, ಭತ್ಯೆಯ ಅರ್ಜಿಯಲ್ಲಿ ಕೈಜೋಡಿಸುತ್ತದೆ. ಆದರೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುವವನನ್ನು ಎದುರುಗೊಳ್ಳುವುದು ಅಣ್ಣ, ಇಲ್ಲವೇ ಭಾವಮೈದುನ. ಆಧಾರ್ ಇಲ್ಲ, ಪ್ಯಾನ್ ಹಳೆಯದು, ಸಿಮ್ ಕೊಳ್ಳಲೂ ವಿಳಾಸ ಬೇಕು, ಕೆಲಸಕ್ಕೆ ಹೋದರೆ ಆಸ್ಟ್ರೇಲಿಯಾದ ಪೊಲೀಸ್ ಸರ್ಟಿಫಿಕೇಟ್ ತನ್ನಿ ಎನ್ನುತ್ತಾರೆ. ಅದೆಲ್ಲ ಆಮೇಲಿನ ಮಾತು. ಕಾರು ಟೋಲ್ ದಾಟುವ ಮೊದಲೇ ಅಣ್ಣ ಕೇಳುವ ಪ್ರಶ್ನೆ ಬೇರೆ: ‘ಊರಲ್ಲಿ ಏನಂತ ಹೇಳೋಣ?’